ಅತ್ತೆಯ ಸೊಂಟವೂ ಸ್ಕೂಟರಿನ ಚೋಕೂ

ಚಳಿ ಹೆಚ್ಚಾದರೆ ಸ್ಕೂಟರ್ ಸ್ಟಾರ್ಟ್ ಆಗುವುದಿಲ್ಲ ಎಂದು ಲೋಕವೆಲ್ಲ ಹೇಳುತ್ತದೆ. ನಮ್ಮ ಸ್ಕೂಟರಿಗೆ ಮಾತ್ರ ಈ ಸುದ್ದಿ ಮುಟ್ಟಿರಲಿಲ್ಲ. ಬಕೆಟ್ಟಿನ ನೀರಿಗೆ ಕೈ ಅದ್ದಿ ತೆಗೆದರೆ ಬೆರಳು ಇವೆಯೋ ಇಲ್ಲವೋ ಎಂದು ನೋಡಿಕೊಳ್ಳಬೇಕಾದಂಥ ಬೆಳಿಗ್ಗೆಗಳಲ್ಲಿ ಅದು ಒಂದೇ ಕಿಕ್‌ಗೆ ಎದ್ದುಬಿಡುತ್ತಿತ್ತು. ಚಳಿ ಸ್ವಲ್ಪ ಸಡಿಲಗೊಂಡು, ಇವತ್ತು ಶಾಲು ಬೇಡ, ಸ್ವೆಟರ್ ಒಂದೇ ಸಾಕು ಅನ್ನಿಸಿದ ದಿನ ಕೈಕೊಡುತ್ತಿತ್ತು. ಒದ್ದು ಒದ್ದು ನನಗೆ ಬೆವರು ಬರುತ್ತಿತ್ತೇ ಹೊರತು ಅದಕ್ಕೆ ಜೀವ ಬರುತ್ತಿರಲಿಲ್ಲ. ಮೊದಮೊದಲು ನಾನು ಇದನ್ನು ಗಮನಿಸಲೇ ಇಲ್ಲ. ಗಮನಿಸಿದ ಮೇಲೆ ತಲೆ ಕೆಟ್ಟು ಕೆರ ಹಿಡಿದುಹೋಯಿತು.

ನಾನು ಒಂದು ಶಿಶುವಿಹಾರದಲ್ಲಿ ಕೆಲಸ ಮಾಡುತ್ತೇನೆ. ಬೆಳಕು ಹರಿಯುವ ಹೊತ್ತಿಗೇ ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ತಂದು ಬಿಡುವ ಜಾಗ ಅದು. ಒಬ್ಬಳು ಬಸ್ಸಿನಲ್ಲಿ ಟಿಕೆಟ್ ಹರಿಯುವವಳು, ಒಬ್ಬಳು ಆಸ್ಪತ್ರೆಯ ಅಡುಗೆಮನೆಯವಳು, ಇನ್ನೊಬ್ಬಳು ಬಟ್ಟೆ ಕಾರ್ಖಾನೆಯವಳು. ಅಲ್ಲಿ ಎಷ್ಟೋ ವರ್ಷ ಮೂಗು ಒರೆಸುವ, ಚಡ್ಡಿ ಬದಲಿಸುವ ಸಹಾಯಕಿಯಾಗಿದ್ದ ನನಗೆ ಆ ವರ್ಷ ಮುಂಬಾಗಿಲ ಕೀಲಿಕೈ ಸಿಕ್ಕಿತ್ತು. ಬೆಳಗಿನ ಟೀಚರ್ ಊರು ಬಿಟ್ಟು ಹೋಗಿದ್ದರು. "ಚಳಿಗಾಲ ಮುಗಿಯೋವರೆಗೆ ನೋಡೋಣ. ಬಾಗಿಲು ಹೊತ್ತಿಗೆ ಸರಿಯಾಗಿ ತೆಗೆದ್ರೆ ಆ ಜಾಗ ನಿಂದೇ" ಎಂದು ದೊಡ್ಡ ಟೀಚರ್ ಹೇಳಿದ್ದರು. ಆ ಜಾಗ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಕೀಲಿಕೈಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೆ. ಮಕ್ಕಳು ಸಹಾಯಕಿಯನ್ನು "ಆಂಟಿ" ಅನ್ನುತ್ತವೆ, ಬಾಗಿಲು ತೆಗೆಯುವವಳನ್ನು "ಮಿಸ್" ಅನ್ನುತ್ತವೆ. ನಗಬೇಡಿ, ನನಗೆ ಮಿಸ್ ಅನ್ನಿಸಿಕೊಳ್ಳಬೇಕಿತ್ತು. ಆ ಹೊತ್ತಿಗೆ ನಮ್ಮ ಕಡೆಗೆ ಬಸ್ಸೂ ಇಲ್ಲ, ಆಟೋವೂ ಇಲ್ಲ. ಇದ್ದದ್ದು ಈ ಸ್ಕೂಟರ್ ಒಂದೇ.

ಸ್ಕೂಟರ್ ಅತ್ತೆಯದು. ಅವರು ನೀರಿನ ಮೀಟರ್ ಓದುವ ಕೆಲಸದಲ್ಲಿದ್ದವರು. ಊರಿನ ಸಂದಿಗೊಂದಿಯಲ್ಲೆಲ್ಲ ಆ ಸ್ಕೂಟರಿನ ಮೇಲೆ ಓಡಾಡಿ, ಯಾರ ಮನೆ ಕಾಂಪೌಂಡಿನಲ್ಲಿ ನಾಯಿ ಕಚ್ಚುತ್ತದೆ, ಯಾರ ಮನೆಯ ನಲ್ಲಿ ಸೋರುತ್ತದೆ ಎಂಬುದನ್ನೆಲ್ಲ ಬಾಯಿಪಾಠ ಮಾಡಿಕೊಂಡವರು. ನಿವೃತ್ತಿಯಾದ ಮರುವರ್ಷ ತಿರುವಿನಲ್ಲಿ ಒದ್ದೆ ಎಲೆಯ ಮೇಲೆ ಚಕ್ರ ಜಾರಿ ಬಿದ್ದರು. ಸೊಂಟ ಮುರಿಯಿತು. ಒಳಗೆ ಲೋಹದ ಪಟ್ಟಿ ಹಾಕಿ ಕೂಡಿಸಿದ ಡಾಕ್ಟರು, "ಇನ್ನೊಂದ್ಸಲ ಬಿದ್ರೆ ಎದ್ದು ಓಡಾಡೋದು ಕಷ್ಟ" ಎಂದರು. ಅದನ್ನು ಕೇಳಿ ಇವರು, ಅಂದರೆ ನನ್ನ ಗಂಡ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತರು. ಮನೆಗೆ ಬಂದ ದಿನವೇ ಸ್ಕೂಟರಿನ ಕೀಲಿಯನ್ನು ತಂದು ನನ್ನ ಕೈಗೆ ಕೊಟ್ಟರು. ಒಡವೆ ಕೊಟ್ಟ ಹಾಗೆ ಕೊಟ್ಟರು, ನಾನೂ ಹಾಗೆಯೇ ಇಸಿದುಕೊಂಡೆ. ಅತ್ತೆಯನ್ನು ಯಾರೂ ಕೇಳಲಿಲ್ಲ. ಅವರು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಈಗ ಅತ್ತೆ ನಡೆಯುತ್ತಾರೆ, ಸ್ವಲ್ಪ ವಾಲಿಕೊಂಡು. ತರಕಾರಿ ಹೆಚ್ಚುತ್ತಾರೆ, ರೇಡಿಯೋ ಕೇಳುತ್ತಾರೆ, ನಾನು ಒಗೆದ ಬಟ್ಟೆಯಲ್ಲಿ ಕೊಳೆ ಹುಡುಕುತ್ತಾರೆ. ಒಟ್ಟಿನಲ್ಲಿ ಆರೋಗ್ಯವಾಗಿದ್ದಾರೆ.

ಸ್ಕೂಟರ್ ಮೊದಲ ಸಲ ಕೈಕೊಟ್ಟಾಗ ಇವರು ಎದ್ದು ಬಂದರು. ಇವರು ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರ ನೋಡಿಕೊಳ್ಳುತ್ತಾರೆ. ಹಾಗಾಗಿ ಲೋಕದಲ್ಲಿ ತಿರುಗುವ, ಗುಡುಗುವ ವಸ್ತುಗಳೆಲ್ಲ ತಮಗೆ ನೆಂಟರು ಎಂಬ ನಂಬಿಕೆ.

"ಪೆಟ್ರೋಲಲ್ಲಿ ನೀರು ಸೇರಿದೆ" ಎಂದರು.

"ನಿನ್ನೆ ಸರಿಯಾಗಿತ್ತಲ್ರೀ."

"ನಿನ್ನೆ ಸೇರಿರ್ಲಿಲ್ಲ."

ಆ ದಿನ ಓಡಿಕೊಂಡು ಹೋದೆ. ತಾಯಂದಿರು ಮೆಟ್ಟಿಲ ಮೇಲೆ ಮಕ್ಕಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದರು. ಬಸ್ಸಿನವಳು ಏನೂ ಅನ್ನಲಿಲ್ಲ, ಮಗುವನ್ನು ನನ್ನ ಕೈಗೆ ಹಾಕಿ ಓಡಿದಳು. ಅವಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಎಂದಿನಂತೆ ಚೋಕ್ ಅರ್ಧ ಎಳೆದರೂ ಹೊತ್ತಿಕೊಳ್ಳಲಿಲ್ಲವೆಂದು ಹೇಳಲು ಅದೇ ಸಂಜೆ ಮೆಕ್ಯಾನಿಕ್ ಹತ್ತಿರ ಹೋದೆ. ಅವನನ್ನು ಬೀದಿಯವರೆಲ್ಲ ಗ್ರೀಸಣ್ಣ ಅನ್ನುತ್ತಾರೆ. ಕೈ ತೊಳೆದುಕೊಂಡಿರುವುದನ್ನು ಅವನ ಹೆಂಡತಿ ಕೂಡ ನೋಡಿಲ್ಲವಂತೆ.

"ಚಳಿ ಅಲ್ವಾ ಅಕ್ಕ" ಎಂದ ಗ್ರೀಸಣ್ಣ. "ಚಳೀಲಿ ಪೆಟ್ರೋಲ್ ಆವಿ ಆಗಲ್ಲ. ಹನಿ ಹನಿಯಾಗೇ ಕೂತುಬಿಡುತ್ತೆ. ಆವಿ ಆದ್ರೆ ತಾನೆ ಕಿಡಿ ತಗುಲಿ ಹೊತ್ಕೊಳ್ಳೋದು? ಮೇಲಿಂದ ಆಯಿಲ್ ಬೇರೆ ಗಟ್ಟಿ. ಅದಕ್ಕೇ ಚೋಕ್ ಅಂತ ಒಂದು ಇಟ್ಟಿರೋದು. ಅದನ್ನ ಎಳೆದ್ರೆ ಗಾಳಿ ಕಮ್ಮಿ ಆಗುತ್ತೆ, ಪೆಟ್ರೋಲ್ ಜಾಸ್ತಿ ಹೋಗುತ್ತೆ. ಅರ್ಧ ಎಳೆದ್ರೆ ಸಾಲಲ್ಲ, ಬೆಳಿಗ್ಗೆ ಎದ್ದು ಪೂರ್ತಿ ಎಳೀರಿ. ಮುಲಾಜು ನೋಡ್ಬೇಡಿ."

ನಾನು ಮುಲಾಜು ನೋಡಲಿಲ್ಲ. ಮರುದಿನ ಕೊರೆಯುವ ಚಳಿ. ಚೋಕ್ ಪೂರ್ತಿ ಎಳೆದು ಒಂದು ಕಿಕ್ ಕೊಟ್ಟೆ, ಹೊತ್ತಿಕೊಂಡಿತು. ಅದರ ಮರುದಿನವೂ ಹಾಗೆಯೇ. ಗ್ರೀಸಣ್ಣನ ಹೆಂಡತಿ ಮಕ್ಕಳು ಚೆನ್ನಾಗಿರಲಿ ಎಂದು ಹರಸಿದೆ. ಮೂರನೆಯ ದಿನ ಚಳಿ ತಗ್ಗಿತ್ತು. ಅದೇ ಚೋಕ್, ಅದೇ ಕಾಲು, ಅದೇ ನಾನು. ಸ್ಕೂಟರ್ ಕೆಮ್ಮಲೂ ಇಲ್ಲ. ಎದುರುಮನೆಯವರ ಕೈಲಿ ತಳ್ಳಿಸಿಕೊಂಡು ಗ್ರೀಸಣ್ಣನ ಮನೆಯವರೆಗೆ ಹೋಗಿ ಅವನನ್ನು ಎಬ್ಬಿಸಿದೆ. ಅವನು ಕಣ್ಣುಜ್ಜುತ್ತಾ ಪ್ಲಗ್ ಬಿಚ್ಚಿ ಮೂಸಿ ನೋಡಿದ.

"ಅಯ್ಯೋ, ಕುಡಿಸಿ ಕುಡಿಸಿ ಮುಳುಗಿಸಿಬಿಟ್ಟಿದ್ದೀರಲ್ಲ! ಪ್ಲಗ್ಗೆಲ್ಲ ಪೆಟ್ರೋಲಲ್ಲಿ ನೆಂದುಹೋಗಿದೆ. ಚೋಕ್ ಯಾಕೆ ಎಳೆದ್ರಿ?"

"ನೀನೇ ಹೇಳಿದ್ದಲ್ಲಪ್ಪ!"

"ಇಂಜಿನ್ ತಣ್ಣಗಿದ್ರೆ ಎಳೀಬೇಕು ಅಕ್ಕ."

"ರಾತ್ರಿಯೆಲ್ಲ ಅಂಗಳದಲ್ಲಿ ನಿಂತ ಗಾಡಿ ತಣ್ಣಗಿರದೆ ಬಿಸಿಯಾಗಿರುತ್ತಾ?"

ಗ್ರೀಸಣ್ಣ ನನ್ನನ್ನು ನೋಡಿದ, ಸ್ಕೂಟರನ್ನು ನೋಡಿದ, ಆಕಾಶವನ್ನೂ ಒಂದು ಸಲ ನೋಡಿದ. "ಹೌದಲ್ವಾ" ಎಂದ. ಪ್ಲಗ್ ಒರೆಸಿ, ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ನಾಲ್ಕಾರು ಸಲ ಒದ್ದ ಮೇಲೆ ಹೊಗೆ ಉಗುಳಿ ಹೊತ್ತಿಕೊಂಡಿತು. ಅವನಿಗೂ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ತಡವಾದದ್ದು ಮಾತ್ರ ನನಗೆ.

ದೊಡ್ಡ ಟೀಚರ್ ಆ ದಿನ ನನ್ನನ್ನು ಕರೆಸಿದರು. ಬೈಯಲಿಲ್ಲ. "ನೋಡಮ್ಮ, ಆ ಕಾರ್ಖಾನೆಯವಳನ್ನ ಇವತ್ತು ಗೇಟಿಂದಲೇ ವಾಪಸ್ ಕಳಿಸಿದ್ರಂತೆ. ಇನ್ನೊಂದು ಸಲ ಹೀಗಾದ್ರೆ ನಾನು ಕೀಲಿ ಬೇರೆಯವರಿಗೆ ಕೊಡಬೇಕಾಗುತ್ತೆ. ನಿನ್ನ ಮೇಲೆ ಸಿಟ್ಟಿನಿಂದಲ್ಲ" ಎಂದರು. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಅದಕ್ಕೇ ನನಗೆ ಹೆಚ್ಚು ಉರಿಯಿತು.

ಅಷ್ಟು ಹೊತ್ತಿಗೆ ನಾನು ಇನ್ನೊಂದು ಸಂಗತಿ ಕಂಡುಕೊಂಡಿದ್ದೆ. ಹೇಳಿದರೆ ನನಗೇ ನಾಚಿಕೆ. ಅತ್ತೆಗೆ ಸೊಂಟ ನೋವಿದ್ದ ದಿನ ಸ್ಕೂಟರ್ ಸ್ಟಾರ್ಟ್ ಆಗುತ್ತಿತ್ತು. ಅವರು ಬೆಳಿಗ್ಗೆ ಹಾಸಿಗೆಯಲ್ಲೇ ಮಗ್ಗಲು ಬದಲಿಸುತ್ತಾ "ಅಮ್ಮಾ" ಎಂದು ನರಳಿದರೆ, ಅಂಗಳದಲ್ಲಿ ಒಂದೇ ಕಿಕ್. ಅವರು ಲವಲವಿಕೆಯಿಂದ ಎದ್ದು ಚಹಾಕ್ಕೆ ನೀರಿಟ್ಟಿದ್ದರೆ ನನಗೆ ಅಂಗಳದಲ್ಲಿ ಗಂಡಾಂತರ. ಮೊದಲು ಕಾಕತಾಳೀಯ ಅಂದುಕೊಂಡೆ. ಆದರೆ ಒಂದು ಸಲವೂ ತಪ್ಪಲಿಲ್ಲ. ಕೊನೆಕೊನೆಗೆ ನಾನು ಎದ್ದ ಕೂಡಲೇ ಕಿಟಕಿಯಾಚೆ ನೋಡುವುದನ್ನು ಬಿಟ್ಟು ಅತ್ತೆಯ ಕೋಣೆಗೆ ಕಿವಿಗೊಡತೊಡಗಿದೆ. ನರಳಾಟ ಕೇಳಿದರೆ ಸಮಾಧಾನದ ಉಸಿರು ಬಿಡುತ್ತಿದ್ದೆ. ಕೇಳದಿದ್ದರೆ ಬೇಗ ತಯಾರಾಗಿ, ಎರಡೇ ಕಿಕ್ ಕೊಟ್ಟು ನೋಡಿ, ಹೊತ್ತಿಗೆ ಬಾಗಿಲು ತೆಗೆಯಲು ಓಡಿಕೊಂಡೇ ಹೋಗುತ್ತಿದ್ದೆ.

"ಹೇಗಿದೆ ಅತ್ತೆ ಸೊಂಟ?" ಎಂದು ದಿನವೂ ರಾತ್ರಿ ಮಲಗುವ ಮುಂಚೆ ಕೇಳುತ್ತಿದ್ದೆ.

"ಪರವಾಗಿಲ್ಲ."

"ನೋವೇ ಇಲ್ವಾ? ಸ್ವಲ್ಪನೂ?"

"ಇಲ್ಲ ಅಂದ್ನಲ್ಲ."

ನನ್ನ ಮುಖ ಬಾಡುತ್ತಿತ್ತು. ಪಾಪ, ಸೊಸೆಗೆ ತನ್ನ ಮೇಲೆ ಎಷ್ಟು ಕಾಳಜಿ ಎಂದು ಅತ್ತೆ ಪಕ್ಕದ ಮನೆಯವರ ಹತ್ತಿರ ಹೇಳಿದರಂತೆ. ಕೇಳಿ ನೆಲದೊಳಗೆ ಇಳಿದುಹೋಗಬಾರದೇ ಅನ್ನಿಸಿತು.

ಇದನ್ನು ಇವರಿಗೆ ಹೇಳುವ ಹಾಗಿರಲಿಲ್ಲ. ಹೇಳಿದರೆ ನನ್ನನ್ನೇ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರು. ಮೂಳೆಗೂ ಇಂಜಿನ್ನಿಗೂ ಏನು ಸಂಬಂಧ? ಒಳಗಿರುವುದು ಎರಡೂ ಕಡೆ ಲೋಹವೇ, ಚಳಿಗೆ ಕುಗ್ಗುತ್ತದೋ ಏನೋ ಎಂದು ಒಂದು ರಾತ್ರಿ ಗಂಭೀರವಾಗಿ ಯೋಚಿಸಿದೆ. ನಿದ್ದೆಗೆಟ್ಟವಳಿಗೆ ಏನು ಬೇಕಾದರೂ ಹೊಳೆಯುತ್ತದೆ.

ಆಮೇಲೊಂದು ದಿನ, ಮತ್ತೆ ಚಳಿ ಕಡಿಮೆಯಿದ್ದ ಬೆಳಿಗ್ಗೆ, ಸ್ಕೂಟರಿನ ಮೇಲಿನ ಹಳೆಯ ದುಪ್ಪಟಿ ಸರಿಸಿ ಸ್ಟ್ಯಾಂಡ್ ತೆಗೆಯುವಾಗ ನನ್ನ ಮೀನಖಂಡ ಸೈಲೆನ್ಸರಿಗೆ ತಾಕಿತು. ಹಾ ಎಂದು ಕಿರುಚಿದೆ. ಸುಟ್ಟಿತ್ತು. ಹಿಂದಿನ ದಿನ ಮಧ್ಯಾಹ್ನದಿಂದ ನಿಂತಲ್ಲೇ ನಿಂತಿದ್ದ ಗಾಡಿ ಕಾಲು ಸುಡುವುದು ಹೇಗೆ? ಬಗ್ಗಿ ಮುಟ್ಟಿ ನೋಡಲು ಧೈರ್ಯ ಸಾಲಲಿಲ್ಲ. ಯಾರೋ ರಾತ್ರಿ ಗಾಡಿ ಒಯ್ದು ಮತ್ತೆ ತಂದಿಟ್ಟಿದ್ದಾರೆಯೇ? ತಂದಿಡುವ ಕಳ್ಳ ಎಂಥ ಕಳ್ಳ? ಗ್ರೀಸಣ್ಣನನ್ನು ಕೇಳಿದರೆ, "ವಿಪರೀತ ತಣ್ಣಗಿರೋ ಕಬ್ಬಿಣ ಮುಟ್ಟಿದ್ರೂ ಸುಟ್ಟ ಹಾಗೇ ಆಗುತ್ತೆ ಅಕ್ಕ" ಎಂದು ಇನ್ನೊಂದು ಗೊಂದಲ ಸೇರಿಸಿ ಕಳಿಸಿದ. ಕಾಲಿನ ಮೇಲೆ ಎದ್ದ ಬೊಬ್ಬೆ ನೋಡಿ ಇವರು, "ಹೊಸ ಪ್ಲಗ್ ಹಾಕ್ತೀನಿ" ಎಂದರು. ಬೊಬ್ಬೆಗೂ ಪ್ಲಗ್ಗಿಗೂ ಏನು ಸಂಬಂಧವೆಂದು ಕೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಹಾಕಿದರು.

ಮರುದಿನ ಬೇಗ ಎದ್ದು ಅಡುಗೆಮನೆಯ ದೀಪ ಹಾಕದೆ ಕಿಟಕಿಯ ಹಿಂದೆ ನಿಂತೆ. ಕಳ್ಳನಿಗೆಂದು ಲಟ್ಟಣಿಗೆ ಹಿಡಿದುಕೊಂಡಿದ್ದೆ. ಅತ್ತೆಯ ಕೋಣೆಯ ಬಾಗಿಲು ಸದ್ದಿಲ್ಲದೆ ತೆರೆಯಿತು. ಮೊಳೆಗೆ ನೇತು ಹಾಕಿದ್ದ ಸ್ಕೂಟರಿನ ಕೀಲಿಯನ್ನು, ಅದು ಟಣ್ ಅನ್ನದ ಹಾಗೆ ಮುಷ್ಟಿಯಲ್ಲಿ ಹಿಡಿದು ತೆಗೆದುಕೊಂಡು ಅತ್ತೆ ಅಂಗಳಕ್ಕೆ ಇಳಿದರು. ಇವರ ಹಳೆಯ ಕೋಟು, ತಲೆಗೆ ಮಂಕಿ ಕ್ಯಾಪು, ಅದರ ಮೇಲೆ ಹೆಲ್ಮೆಟ್ಟು. ದುಪ್ಪಟಿ ಮಡಿಸಿ ಗೋಡೆಯ ಮೇಲಿಟ್ಟರು. ಇಂಜಿನ್ ಹಾಕದೆ ಸ್ಕೂಟರನ್ನು ಗೇಟಿನಾಚೆ ತಳ್ಳಿಕೊಂಡು, ಬೀದಿಯ ತಿರುವಿನವರೆಗೂ ವಾಲುತ್ತಾ ವಾಲುತ್ತಾ ನಡೆದು ಹೋದರು. ಅಲ್ಲಿಂದ ದೂರದಲ್ಲಿ, ಬೇರೆ ಯಾರದೋ ಗಾಡಿಯೆಂಬಂತೆ, ಒಂದು ಕಿಕ್ ಕೇಳಿಸಿತು.

ನಾನು ಲಟ್ಟಣಿಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ನಗು ಬಂತು, ಸಿಟ್ಟೂ ಬಂತು. ಮೆಟ್ಟಿಲ ಮೇಲೆ ನಡುಗುತ್ತಾ ನಿಂತಿದ್ದ ಕೂಸುಗಳು ನೆನಪಾಗಿ ಸಿಟ್ಟೇ ಗೆದ್ದಿತು. ಸ್ವಲ್ಪ ಹೊತ್ತಿನಲ್ಲಿ ಅತ್ತೆ ಹಾಗೆಯೇ ತಳ್ಳಿಕೊಂಡು ಬಂದರು. ಸ್ಕೂಟರನ್ನು ಮೊದಲಿದ್ದ ಜಾಗದಲ್ಲೇ, ಮೊದಲಿನ ಹಾಗೇ ಗೋಡೆಗೆ ಮೂತಿ ಮಾಡಿ ನಿಲ್ಲಿಸಿದರು. ಬಿಸಿ ಇಂಜಿನ್ನಿನ ಮೇಲೆ ದುಪ್ಪಟಿಯನ್ನು ಚೆನ್ನಾಗಿ ಹೊದಿಸಿದರು, ಮಗುವಿಗೆ ಹೊದಿಸಿದ ಹಾಗೆ. ಒಳಗೆ ಬಂದು ದೀಪ ಹಾಕಿದಾಗ ನಾನು ಎದುರಿಗಿದ್ದೆ.

ಅವರು ಬೆಚ್ಚಿಬೀಳಲಿಲ್ಲ. ಹೆಲ್ಮೆಟ್ ತೆಗೆದರು. "ಚಹಾ ಇಡ್ಲಾ?" ಎನ್ನುತ್ತಾ ಸ್ಟೌ ಹಚ್ಚಿ ನೀರಿಟ್ಟರು.

"ಅತ್ತೆ, ಎಷ್ಟು ದಿನದಿಂದ ನಡೀತಿದೆ ಇದು?"

"ಮಳೆ ನಿಂತಾಗಿಂದ."

"ದಿನಾನಾ?"

"ಸೊಂಟ ಬಿಗಿದುಕೊಂಡ ದಿನ ಆಗಲ್ಲ. ಜಾಸ್ತಿ ಚಳಿ ಇದ್ರೆ ಕಾಲೇ ಮಡಚೋಕಾಗಲ್ಲ. ಚಳಿ ಕಮ್ಮಿ ಇದ್ದ ದಿನ ಹೋಗ್ತೀನಿ."

ನನ್ನ ತಲೆಯೊಳಗೆ ಇಷ್ಟು ದಿನ ಬಿಡಿಬಿಡಿಯಾಗಿ ಬಿದ್ದಿದ್ದದ್ದೆಲ್ಲ ಒಟ್ಟಿಗೆ ಎದ್ದು ನಿಂತಿತು. ಅವರಿಗೆ ನೋವಿದ್ದ ದಿನ ಗಾಡಿ ನಿಂತಲ್ಲೇ ನಿಂತು ನಿಜವಾಗಿ ತಣ್ಣಗಿರುತ್ತಿತ್ತು. ಚೋಕ್ ಎಳೆದರೆ ಹೊತ್ತಿಕೊಳ್ಳುತ್ತಿತ್ತು. ನೋವಿಲ್ಲದ ದಿನ ಅವರು ಸುತ್ತಾಡಿಸಿ ಬೆಚ್ಚಗೆ ಮಾಡಿ ಇಡುತ್ತಿದ್ದರು. ಆ ಬಿಸಿ ಇಂಜಿನ್ನಿಗೆ ನಾನು ಬಂದು ಪೂರ್ತಿ ಚೋಕ್ ಎಳೆದು ಪೆಟ್ರೋಲಿನಲ್ಲಿ ಮುಳುಗಿಸುತ್ತಿದ್ದೆ.

"ನನ್ನ ಕೆಲಸ ಹೋಗ್ತಿತ್ತು ಅತ್ತೆ! ನಾನು ಒದ್ದು ಒದ್ದು ಸಾಯ್ತಿದ್ರೆ ಒಳಗೆ ಕೂತು ನೋಡ್ತಿದ್ರಲ್ಲ!"

ಅತ್ತೆಯ ಮುಖ ಸಣ್ಣಗಾಯಿತು. "ನಂಗೂ ಅದೇ ಅರ್ಥ ಆಗ್ಲಿಲ್ಲ. ಒಂದು ಸುತ್ತು ಹೋಗಿ ಬಂದು ಬೆಚ್ಚಗೆ ಮಾಡಿಟ್ರೆ ನಿಂಗೆ ಅನುಕೂಲ ಅಂದ್ಕೊಂಡಿದ್ದೆ. ಸುಮ್ನೆ ತಗೊಂಡು ಹೋಗ್ತೀನಲ್ಲ, ಅಷ್ಟಾದ್ರೂ ಆಗ್ಲಿ ಅಂತ. ನೀನು ಒದೀತಿದ್ರೆ, ಇವಳ ಕಾಲಲ್ಲಿ ಬಲ ಇಲ್ಲ ಅಂದ್ಕೊಂಡೆ."

"ನಾನು ಚೋಕ್ ಎಳೀತಿದ್ದೆ."

"ಚೋಕಾ? ಬೆಚ್ಚಗಿರೋ ಗಾಡಿಗಾ? ಯಾರು ಹೇಳಿದ್ದು ನಿಂಗೆ?"

"ಬೆಚ್ಚಗಿದೆ ಅಂತ ನನಗೆ ಯಾರು ಹೇಳಿದ್ದು?"

ಸ್ಟೌ ಮೇಲಿನ ನೀರು ಕುದಿಯಲು ಶುರುವಾಯಿತು.

"ಎಲ್ಲಿಗೆ ಹೋಗ್ತೀರಿ?"

"ಎಲ್ಲಿಗೂ ಇಲ್ಲ. ಹಳೇ ಬೀದಿಗಳಲ್ಲಿ ಒಂದು ಸುತ್ತು. ಯಾರೂ ಎದ್ದಿರಲ್ಲ." ಚಹಾಪುಡಿ ಹಾಕುತ್ತಾ, "ಅವನಿಗೆ ಹೇಳೋದಾದ್ರೆ ಹೇಳು. ನಾನು ಬೇಡ ಅನ್ನಲ್ಲ" ಎಂದರು.

ಹೇಳಿದರೆ ಎಲ್ಲ ಸರಿಹೋಗುತ್ತಿತ್ತು. ಗಾಡಿಯ ಕೀಲಿಯೂ ನನ್ನ ದಿಂಬಿನಡಿ ಬರುತ್ತಿತ್ತು, ಗಾಡಿ ದಿನವೂ ತಣ್ಣಗಿರುತ್ತಿತ್ತು, ಚೋಕ್ ಎಳೆದರೆ ಒಂದೇ ಕಿಕ್, ವಸಂತ ಬರುವ ಹೊತ್ತಿಗೆ ನಾನು ಮಿಸ್. ಹೇಳದಿದ್ದರೆ, ನಾಳೆ ಈ ಮುದುಕಿ ಎಲ್ಲಾದರೂ ಜಾರಿ ಬಿದ್ದರೆ ಇವರ ಮುಖವನ್ನು ಜನ್ಮದಲ್ಲಿ ನೋಡುವ ಹಾಗಿಲ್ಲ. ಎಲ್ಲ ಗೊತ್ತಿದ್ದೂ ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ಕೇಳಿದರೆ ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಮಂಕಿ ಕ್ಯಾಪಿನಲ್ಲಿ ಅವರ ಮೂಗು ಚಳಿಗೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. ಆ ಮನೆಗೆ ಸೊಸೆಯಾಗಿ ಬಂದಾಗ ಮೊದಲ ಸಲ ನೋಡಿದ ಮುಖ ಅದು, ಬಿದ್ದ ಮೇಲೆ ಕಂಡಿರಲಿಲ್ಲ. ಅಷ್ಟೇ ಹೇಳಬಲ್ಲೆ.

"ಪೆಟ್ರೋಲ್ ಕಮ್ಮಿಯಾದ್ರೆ ಹೇಳಿ" ಎಂದೆ. "ಸೇತುವೆ ಕಡೆ ಹೋಗ್ಬೇಡಿ, ಅಲ್ಲಿ ಲಾರಿ ಓಡಾಡುತ್ತೆ."

ಅಂದಿನಿಂದ ನಾನು ಚೋಕ್ ಮುಟ್ಟುವ ಮುಂಚೆ ದುಪ್ಪಟಿಯ ಕೆಳಗೆ ಕೈಯಿಟ್ಟು ನೋಡುವುದನ್ನು ಕಲಿತೆ. ಬೆಚ್ಚಗಿದ್ದರೆ ಚೋಕ್ ಬೇಡ, ತಣ್ಣಗಿದ್ದರೆ ಪೂರ್ತಿ. ಒಂದು ದಿನವೂ ಕೈಕೊಡಲಿಲ್ಲ. ಇವರು ಬಂದವರಿಗೆಲ್ಲ "ಪ್ಲಗ್ ಬದಲಾಯಿಸಿದ್ದೇ ಬದಲಾಯಿಸಿದ್ದು ನೋಡಿ" ಎಂದು ಬೀಗುತ್ತಿದ್ದರು. ಅತ್ತೆಯೂ ನಾನೂ ತಟ್ಟೆ ನೋಡಿಕೊಂಡು ಊಟ ಮಾಡುತ್ತಿದ್ದೆವು. ಒಳಗೊಳಗೆ ಮಾತ್ರ ನನಗೆ ನೆಮ್ಮದಿಯಿರಲಿಲ್ಲ. ಇಂಜಿನ್ ಬೆಚ್ಚಗಿದ್ದರೆ ಅಬ್ಬ, ಸುಖವಾಗಿ ಬಂದರು ಎಂದು ಖುಷಿ. ತಣ್ಣಗಿದ್ದರೆ ಪಾಪ, ಇವತ್ತು ನೋವು ಎಂದು ಬೇಜಾರು, ಜೊತೆಗೆ ಇವತ್ತು ಬೀಳುವ ಭಯವಿಲ್ಲ ಎಂದು ಖುಷಿ. ಮೊದಲು ಒಂದು ಗೊಂದಲವಿತ್ತು, ಈಗ ಎರಡಾದವು.

ಚಳಿಗಾಲ ಮುಗಿಯುತ್ತಾ ಬಂತು. "ಸೋಮವಾರ ನಾನೇ ಬಾಗಿಲು ತೆಗೆಯೋ ಹೊತ್ತಿಗೆ ಬರ್ತೀನಿ, ಅವತ್ತೇ ನಿನ್ನ ವಿಷಯ ಹೇಳಿಬಿಡ್ತೀನಿ" ಎಂದರು ದೊಡ್ಡ ಟೀಚರ್. ಅವರ ದನಿಯಲ್ಲೇ ಜಾಗ ನನ್ನದು ಎಂಬುದಿತ್ತು. ಭಾನುವಾರ ಸಂಜೆ ಅತ್ತೆ ನನ್ನ ಸೀರೆಗೆ ತಾವೇ ಇಸ್ತ್ರಿ ಹಾಕಿದರು.

ಸೋಮವಾರ ಎದ್ದಾಗ ಚಳಿ ಅಷ್ಟಿರಲಿಲ್ಲ, ಆದರೆ ಮಂಜು. ಎದುರುಮನೆ ಇದೆಯೋ ಇಲ್ಲವೋ ತಿಳಿಯದಷ್ಟು ಮಂಜು. ಸೀರೆ ಉಟ್ಟು ಅಂಗಳಕ್ಕೆ ಬಂದು ದುಪ್ಪಟಿಯ ಕೆಳಗೆ ಕೈ ಹಾಕಿದರೆ ಗೋಡೆ ಸಿಕ್ಕಿತು. ದುಪ್ಪಟಿ ಮಡಿಸಿ ಗೋಡೆಯ ಮೇಲೇ ಇತ್ತು. ಸ್ಕೂಟರ್ ಇರಲಿಲ್ಲ.

ಇಷ್ಟು ಹೊತ್ತಿಗೆ ಅವರು ಬಂದಿರುತ್ತಿದ್ದರು. ಗೇಟು ಹಿಡಿದು ನಿಂತು ಕಿವಿಗೊಟ್ಟೆ. ಹಾಲಿನವನ ಸೈಕಲ್ಲು ಹೋಯಿತು. ಎಲ್ಲೋ ಒಂದು ನಾಯಿ ಬೊಗಳಿತು. ಬಸ್ಸಿನವಳು ಈಗ ಮಗುವಿಗೆ ಟೋಪಿ ಕಟ್ಟುತ್ತಿರುತ್ತಾಳೆ, ದೊಡ್ಡ ಟೀಚರ್ ಮನೆಯಿಂದ ಹೊರಟಿರುತ್ತಾರೆ. ನಡೆದುಕೊಂಡಾದರೂ ಹೊರಟುಬಿಡಬೇಕು, ಈಗಲೇ ಓಡಿದರೆ ಸಿಕ್ಕಾಪಟ್ಟೆ ತಡವಾಗಲಿಕ್ಕಿಲ್ಲ. ಕಾಲು ಮುಂದೆ ಹೋಗಲಿಲ್ಲ. ಒದ್ದೆ ರಸ್ತೆಯಲ್ಲಿ ಮಗ್ಗುಲಾಗಿ ಬಿದ್ದ ಸ್ಕೂಟರು, ತಿರುಗುತ್ತಿರುವ ಹಿಂದಿನ ಚಕ್ರ, ಇದೇ ಕಣ್ಣಮುಂದೆ ಬರುತ್ತಿತ್ತು.

ಇವರು ಹಲ್ಲುಜ್ಜುತ್ತಾ ಹೊರಗೆ ಬಂದರು. "ಇನ್ನೂ ಹೊರಟಿಲ್ವಾ? ಗಾಡಿ ಎಲ್ಲಿ?"

ನಾನು ತಿರುವಿನ ಕಡೆಯೇ ನೋಡುತ್ತಿದ್ದೆ.

"ಗಾಡಿ ಎಲ್ಲೇ? ಅಮ್ಮನೂ ಕೋಣೇಲಿಲ್ಲ." ಅಷ್ಟು ಹೇಳಿದ ಮೇಲೆ ಎರಡೂ ಮಾತು ಅವರ ತಲೆಯಲ್ಲಿ ಒಂದಕ್ಕೊಂದು ತಾಕಿದವು. ಬ್ರಷ್ ಬಾಯಿಂದ ಜಾರಿ ಬಿತ್ತು.

ಆಗ ಮಂಜಿನೊಳಗಿಂದ ಸದ್ದು ಬಂತು. ಈ ಸಲ ತಿರುವಿನಲ್ಲಿ ಇಂಜಿನ್ ನಿಲ್ಲಿಸಲಿಲ್ಲ. ಹೆಡ್‌ಲೈಟ್ ಹಾಕಿಕೊಂಡೇ ಗೇಟಿನವರೆಗೆ ಬಂದು, ಎರಡೂ ಕಾಲು ಊರಿ ಅತ್ತೆ ನಿಂತರು. ಮಂಕಿ ಕ್ಯಾಪಿನ ಉಣ್ಣೆಯ ಮೇಲೆಲ್ಲ ಮಂಜಿನ ಹನಿ. ಇವರು ನೋಡುತ್ತಲೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಯಾರು ಕಳಿಸಿದ್ದು ಅಮ್ಮನ್ನ?"

ನನ್ನ ಬಾಯಿಂದ ತಾನಾಗಿಯೇ ಬಂತು. "ನಾನೇ ರೀ. ಚಳಿಗೆ ಸ್ಟಾರ್ಟ್ ಆಗಲ್ಲ ಅಂತ, ಸ್ವಲ್ಪ ಬೆಚ್ಚಗೆ ಮಾಡಿಕೊಡಿ ಅಂತ ನಾನೇ..."

"ಯಾರೂ ಕಳಿಸಿಲ್ಲ" ಎಂದರು ಅತ್ತೆ. ಜೋರಾಗಿಯೇನೂ ಹೇಳಲಿಲ್ಲ. "ನಾನೇ ಹೋಗಿದ್ದೆ. ನನ್ನ ಗಾಡಿ ಇದು."

ಇವರು ಒಂದು ಹೆಜ್ಜೆ ಮುಂದೆ ಬಂದರು. "ಬಿದ್ದಿದ್ರೆ ಅಮ್ಮಾ?"

"ಬೀಳಲ್ಲ ಅಂತ ಹೇಳೋಕೆ ನಂಗೂ ಆಗಲ್ಲ ಕಣಪ್ಪ. ಮಂಜು ಜಾಸ್ತಿಯಾಯ್ತು, ದಾರಿ ಕಾಣ್ಲಿಲ್ಲ. ಪಕ್ಕಕ್ಕೆ ನಿಲ್ಲಿಸಿ ತಿಳಿಯಾಗೋವರೆಗೂ ಕೂತಿದ್ದೆ. ಇವಳಿಗೆ ತಡ ಆಗುತ್ತೆ ಅಂತ ಗೊತ್ತಿತ್ತು. ಆದ್ರೂ ಕೂತಿದ್ದೆ." ಆಮೇಲೆ ನನ್ನ ಕಡೆ ನೋಡಿ, "ಇಳಿದು ಹತ್ತೋಕೆ ನಂಗೆ ಹೊತ್ತು ಹಿಡಿಯುತ್ತೆ. ಹಿಂದೆ ಕೂರು, ನಡಿ" ಎಂದರು.

ಇವರು ತಡೆಯಬಹುದು ಅಂದುಕೊಂಡೆ. ತಡೆಯಲಿಲ್ಲ. ಬಾಯಿ ತುಂಬಾ ಪೇಸ್ಟು ಇಟ್ಟುಕೊಂಡು ಗೇಟನ್ನು ಪೂರ್ತಿ ತೆರೆದು ಹಿಡಿದುಕೊಂಡರು.

ಅತ್ತೆ ಚೆನ್ನಾಗಿ ಓಡಿಸುತ್ತಾರೆ. ನನಗಿಂತ ಚೆನ್ನಾಗಿ. ತಿರುವಿನಲ್ಲಿ ನಿಧಾನ ಮಾಡುತ್ತಿದ್ದರು, ಒದ್ದೆ ಎಲೆ ಕಂಡರೆ ಬಳಸಿಕೊಂಡು ಹೋಗುತ್ತಿದ್ದರು. ನಾನು ಅವರ ಕೋಟು ಹಿಡಿದು ಹಿಂದೆ ಕೂತು ಅಳುತ್ತಿದ್ದೆ. ಬದುಕಿ ಬಂದರಲ್ಲ ಎಂದು ಅಳುತ್ತಿದ್ದೆನೋ, ಕೆಲಸ ಹೋಯಿತಲ್ಲ ಎಂದು ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ನಾವು ಮುಟ್ಟುವ ಹೊತ್ತಿಗೆ ಮೆಟ್ಟಿಲು ಖಾಲಿಯಾಗಿತ್ತು. ದೊಡ್ಡ ಟೀಚರ್ ತಮ್ಮ ಕೀಲಿಯಿಂದ ಬಾಗಿಲು ತೆಗೆದು, ಕಾರ್ಖಾನೆಯವಳ ಮಗುವನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದರು. ಅತ್ತೆಯನ್ನೂ ಅವರ ಮಂಕಿ ಕ್ಯಾಪನ್ನೂ ಒಂದು ಸಲ ನೋಡಿದರು. ಬಲಗೈ ಚಾಚಿದರು. ನಾನು ಕೀಲಿಕೈ ಕೊಟ್ಟೆ. "ಒಂಬತ್ತು ಗಂಟೆ ಪಾಳಿಗೆ ಬಾ. ಅಲ್ಲಿ ನೀನಿಲ್ಲದೆ ಆಗಲ್ಲ" ಎಂದರು. ನನ್ನ ಕೈಗೆ ಬಂದ ಮಗು "ಆಂಟಿ" ಎಂದು ಕೊರಳಿಗೆ ಜೋತುಬಿತ್ತು. ಅದರ ಕೆನ್ನೆ ಬೆಚ್ಚಗಿತ್ತು.

ಈಗ ನನಗೆ ಬೆಳಿಗ್ಗೆ ಏಳುವ ಅವಸರವಿಲ್ಲ. ಕೀಲಿ ಕಳೆದುಕೊಂಡದ್ದಕ್ಕೆ ಸಂಕಟ ಹೋಗಿಲ್ಲ, ಹೋಗಿದೆ ಎಂದರೆ ಸುಳ್ಳು. ಕೆಲವು ದಿನ ಅತ್ತೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂದು ಪಾತ್ರೆ ಕುಕ್ಕುತ್ತೇನೆ. ಅವರು ಸುಮ್ಮನೆ ಆ ಪಾತ್ರೆಗಳನ್ನು ಒರೆಸಿಡುತ್ತಾರೆ. ಇವರು ಹತ್ತು ದಿನ ಅಮ್ಮನ ಜೊತೆ ಮಾತು ಬಿಟ್ಟರು. ಹನ್ನೊಂದನೆಯ ದಿನ ಹೊಸ ಟೈರು ತಂದು ಹಾಕಿದರು, ಜಾರದಂಥದ್ದು.

ಇನ್ನೂ ಕತ್ತಲಿರುವಾಗಲೇ ಅಂಗಳದಲ್ಲಿ ಕಿಕ್ ಕೇಳಿಸುತ್ತದೆ. ಈಗ ಯಾರೂ ತಿರುವಿನವರೆಗೆ ತಳ್ಳಿಕೊಂಡು ಹೋಗುವುದಿಲ್ಲ. ಸದ್ದು ಬೀದಿ ದಾಟಿ ದೂರವಾಗುತ್ತದೆ. ನನ್ನ ಪಕ್ಕದಲ್ಲಿ ಇವರು ಕಣ್ಣು ಬಿಟ್ಟುಕೊಂಡು, ಉಸಿರನ್ನೂ ಸಣ್ಣಗೆ ಬಿಡುತ್ತಾ, ಸೂರು ನೋಡುತ್ತಾ ಮಲಗಿರುತ್ತಾರೆ. ನಾನು ನಿದ್ದೆ ಬಂದವಳ ಹಾಗೆ ಮಗ್ಗುಲಾಗುತ್ತೇನೆ. ಹೊತ್ತು ಹೋಗುತ್ತದೆ. ಆಮೇಲೆ ಬೀದಿಯ ಆ ತುದಿಯಲ್ಲಿ ಸದ್ದು ಮತ್ತೆ ಹುಟ್ಟುತ್ತದೆ, ಗೇಟು ಕಿರುಗುಟ್ಟುತ್ತದೆ.

"ಬಂದ್ಲು" ಎಂದು ಇವರು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. ಹೇಳಿ ಮುಸುಕೆಳೆದುಕೊಂಡು ನಿದ್ದೆ ಹೋಗುತ್ತಾರೆ.